ಬೌಲರ್ ಬೇಡ, ಪಾಯಿಂಟ್ ಫೀಲ್ಡರ್ ಕೊಡಿ: ಬುಲ್‌ಪೆನ್ ಕಟ್ಟಿದ ನನ್ನ ಅನುಭವ

ಹೋದ ವರ್ಷ ನಮ್ಮ ಬೇಸ್‌ಬಾಲ್ ಟೀಮ್ ಸೋತಿದ್ದು ಹತ್ತೋ ಹನ್ನೊಂದೋ ಮ್ಯಾಚ್. ಅದರಲ್ಲಿ ಆರು ಮ್ಯಾಚ್‌ನಲ್ಲಿ, ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಆರನೆಯದು ಮುಗಿದಾಗ, ಮುಂದಿದ್ದವರು ನಾವೇ. ಸ್ಟಾರ್ಟರ್ (ಮೊದಲ ಇನ್ನಿಂಗ್ಸ್‌ನಿಂದ ಬಾಲ್ ಎಸೆಯುವವನು) ಕೈ ಸೋತು ಇಳಿದ ಅಂದರೆ ಮುಗೀತು. ವಾಕ್ (ನಾಲ್ಕು ಎಸೆತ ಗುರಿ ತಪ್ಪಿದರೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್), ಇನ್ನೊಂದು ವಾಕ್, ಮತ್ತೊಂದು ವಾಕ್, ಆಮೇಲೆ ಎರಡು ಬೇಸ್ ಓಡಿಸುವ ಒಂದು ಡಬಲ್. ಎದುರಿನವರು ಹೆಚ್ಚು ಬ್ಯಾಟ್ ಬೀಸದೆಯೇ ಗೆದ್ದು ಹೋಗುತ್ತಿದ್ದರು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಭಾನುವಾರ ಮರದ ಬ್ಯಾಟಿನ ಲೀಗ್ ಆಡುವ ಟೀಮ್ ನಡೆಸುವವರಿಗೆ ಈ ಕಥೆ ಹೊಸದಲ್ಲ, ಅಲ್ವಾ?

ಬುಲ್‌ಪೆನ್, ಅಂದರೆ ಸ್ಟಾರ್ಟರ್ ಇಳಿದ ಮೇಲೆ ಎಸೆಯುವವರ ಗುಂಪು, ಕಟ್ಟೋಣ ಅಂತ ಅಕ್ಟೋಬರ್‌ನಲ್ಲಿ ತಲೆಗೆ ನೂರು ಡಾಲರ್ ಎತ್ತಿದೆ. ಹದಿನಾರು ಜನ, ಕೈಗೆ ಬಂದದ್ದು 1,400. ದುಡ್ಡು ಕೊಡದ ಆ ಇಬ್ಬರು ಯಾರು ಅಂತ ಅವರಿಗೇ ಗೊತ್ತಿದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ, ಸ್ಪೀಡಿನ ಹಿಂದೆ ಓಡಿದ್ದು. ಭಾರದ ಬಾಲ್‌ಗಳ ಸೆಟ್ ತಂದೆ, ಒಳಾಂಗಣದ ಕೇಜ್ ಬಾಡಿಗೆ ಹಿಡಿದೆ. ಗಂಟೆಗೆ 55 ಡಾಲರ್. ಮೂರನೇ ವಾರಕ್ಕೆ ಒಬ್ಬನಿಗೆ ಮೊಣಕೈ ಒಳಬದಿಯಲ್ಲಿ ನೋವು ಶುರು. ಮೇಜರ್ ಲೀಗ್ ಪಿಚರ್ (ಎಸೆಯುವವ) ಟಾಮಿ ಜಾನ್ 1974ರಲ್ಲಿ ಮೊಣಕೈ ಆಪರೇಷನ್ ಮಾಡಿಸಿಕೊಂಡು ಮತ್ತೆ 164 ಮ್ಯಾಚ್ ಗೆದ್ದ, ನಿಜ. ನಮ್ಮ ಹುಡುಗನಿಗೆ ಸೋಮವಾರ ಕೀಬೋರ್ಡ್ ಒತ್ತೋದಿತ್ತು. ಬಾಲ್‌ಗಳು ಗ್ಯಾರೇಜ್ ಸೇರಿದವು. ಹತ್ತಿರ ಹತ್ತಿರ 400 ಡಾಲರ್ ನೀರಿಗೆ ಹೋಯಿತು.

ಎರಡನೇ ತಪ್ಪು ಪೂರ್ತಿ ನನ್ನದು. ಕ್ರಿಕೆಟ್ ಆಡುವ ಗೆಳೆಯರಲ್ಲಿ ಇಬ್ಬರು ಫಾಸ್ಟ್ ಬೌಲರ್‌ಗಳನ್ನು ಪುಸಲಾಯಿಸಿ ಕರೆದುಕೊಂಡು ಬಂದೆ. ಓಟ ಕೊಡದೆ ನಿಲ್ಲಿಸಿದರೆ ಅವರ ಅರ್ಧ ವೇಗ ಅಲ್ಲೇ ಹೋಯಿತು. ಉಳಿದರ್ಧ ಮೊಣಕೈಯಲ್ಲಿ ಹೋಯಿತು. ಇಪ್ಪತ್ತು ವರ್ಷ ಕೈ ಬಗ್ಗಿಸಬಾರದು ಅಂತ ಕಲಿತವನಿಗೆ ಈಗ ಬಗ್ಗಿಸು ಅಂದರೆ ಹೇಗೆ?

ನವೆಂಬರ್‌ನಲ್ಲಿ ಫ್ರೀಮಾಂಟ್ ಕಡೆ ಒಂದು ಕ್ರಿಕೆಟ್ ಮ್ಯಾಚ್ ನೋಡುತ್ತಾ ಕೂತಿದ್ದೆ. ಪಾಯಿಂಟ್‌ನಲ್ಲಿದ್ದವನು ಬಾಗಿ ಬಾಲ್ ಎತ್ತಿದವನೇ, ನೆಟ್ಟಗಾಗದೆ, ಸೊಂಟದ ಹತ್ತಿರದಿಂದಲೇ ಬೀಸಿದ. ಒಂದೇ ಸ್ಟಂಪ್ ಕಾಣುತ್ತಿತ್ತು, ಅದು ಎದ್ದು ಹೋಯಿತು. ಕೆರೆ ನೀರಿನ ಮೇಲೆ ಚಪ್ಪಟೆ ಕಲ್ಲು ಕುಣಿಸುತ್ತೀವಲ್ಲ, ಥೇಟ್ ಅದೇ ಕೈ. ಆಗ ಹೊಳೆಯಿತು: ನಾನು ಹುಡುಕಬೇಕಾದ್ದು ಬೌಲರ್‌ನನ್ನಲ್ಲ, ಎಸೆಯುವವನನ್ನು. 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡ ಸೇರಿದ ಭಾರತದ ರಿಂಕು ಸಿಂಗ್ (ಕ್ರಿಕೆಟಿಗ ಅಲ್ಲ, ಬೇರೆಯವನು), ದಿನೇಶ್ ಪಟೇಲ್ ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು, ಬೌಲರ್‌ಗಳಲ್ಲ. ಕಣ್ಣೆದುರೇ ಇತ್ತು, ನನಗೇ ಕಂಡಿರಲಿಲ್ಲ.

ಆ ಪಾಯಿಂಟ್ ಹುಡುಗನನ್ನೇ ಕರೆತರುತ್ತೇನೆ ಅಂತ ಟೀಮ್‌ನಲ್ಲಿ ಹೇಳಿದೆ, ಎಲ್ಲರೂ ನಕ್ಕರು. "ಗುರು, 66 ಮೈಲಿಯಲ್ಲಿ ಎಸೆಯೋನನ್ನ ಎಂಟನೇ ಇನ್ನಿಂಗ್ಸ್‌ಗೆ ಕಳಿಸ್ತೀಯಾ?" ಕಳಿಸ್ತೀನಿ ಅಂದೆ. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದಲ್ಲಿ ಟೈಲರ್ ರೋಜರ್ಸ್ ನೆಲ ಸವರಿಕೊಂಡು 80ರ ಆಸುಪಾಸಿನಲ್ಲಿ ಎಸೆದು ವರ್ಷಗಟ್ಟಲೆ ನಿಂತ. ಆರು ಇನ್ನಿಂಗ್ಸ್ ತಲೆ ಮೇಲಿಂದ 80 ಬರೋದನ್ನು ನೋಡಿದ ಬ್ಯಾಟರ್‌ಗೆ ಮೊಣಕಾಲಿನ ಎತ್ತರದಿಂದ 66 ಬಂದರೆ ಬ್ಯಾಟು ಮೊದಲೇ ತಿರುಗಿ ಹೋಗುತ್ತದೆ.

ಮೌಂಡ್, ಅಂದರೆ ನಿಂತು ಎಸೆಯುವ ದಿಬ್ಬ, ನಾನೇ ಮಾಡಿದೆ. ರೆಡಿಮೇಡ್ ಕೇಳಿದರೆ 1,500ಕ್ಕೆ ಕಮ್ಮಿ ಹೇಳಲಿಲ್ಲ. ಪ್ಲೈವುಡ್, ಟೂ ಬೈ ಫೋರ್ ಮರ, ಮೇಲೆ ಹಸಿರು ಟರ್ಫ್, ಎಲ್ಲ ಸೇರಿ 240 ಆಗಿರಬೇಕು. ಹತ್ತು ಇಂಚು ಎತ್ತರ, ಅಡಿಗೊಂದು ಇಂಚು ಇಳಿಜಾರು, ಅಳತೆ ಸರಿಯಾಗೇ ಇತ್ತು. ಮೊದಲ ದಿನ ಒದ್ದೆ ಹುಲ್ಲಿನ ಮೇಲಿಟ್ಟೆ. ಹುಡುಗ ಕಾಲು ಒತ್ತಿದ ತಕ್ಷಣ ಮೌಂಡ್ ಹಿಂದಕ್ಕೆ ಜಾರಿತು, ಇವನು ಕುಂಡೆ ಊರಿ ಕೂತ. ಆಮೇಲೆ ಕುದುರೆ ಲಾಯಕ್ಕೆ ಹಾಸುವ ರಬ್ಬರ್ ಮ್ಯಾಟ್ ತಂದು ಕೆಳಗೆ ಹಾಕಿದೆ. ಈಗ ಅಲುಗಾಡಲ್ಲ.

ಬ್ಯಾಟರ್ ನಿಲ್ಲುವ ಪ್ಲೇಟ್ ಹತ್ತಿರ ಎರಡು ಕೋಲು ನೆಟ್ಟು, ಎಸೆತ ಹೋಗಬೇಕಾದ ಚೌಕ ಕಾಣೋ ಹಾಗೆ ಸುತಲಿ ಕಟ್ಟಿದೆ. ಮೊಣಕಾಲಿಗೊಂದು, ಎದೆಗೊಂದು, ಮಧ್ಯೆ 17 ಇಂಚು ಬಿಟ್ಟು ಉದ್ದಕ್ಕೆ ಎರಡು. ಇದೇನು ನನ್ನ ತಲೆಯಿಂದ ಬಂದದ್ದಲ್ಲ, ಹಿಂದೆ ಡಾಡ್ಜರ್ಸ್ ತಂಡ ನಡೆಸುತ್ತಿದ್ದ ಬ್ರಾಂಚ್ ರಿಕಿ ಆ ತಂಡದ ಕ್ಯಾಂಪ್‌ನಲ್ಲಿ ಇದನ್ನೇ ಕಟ್ಟಿಸಿದ್ದ. ನನ್ನ ನಿಯಮ ಒಂದೇ: ಮೂವತ್ತು ಎಸೆತದಲ್ಲಿ ಹದಿನೆಂಟು ಹಗ್ಗದೊಳಗೆ ಹೋಗುವವರೆಗೆ ವೇಗ ಅಳೆಯುವ ರೇಡಾರ್ ಗನ್ ಮುಟ್ಟೋ ಹಾಗಿಲ್ಲ. ಪಾಯಿಂಟ್ ಹುಡುಗ ಮೊದಲ ವಾರ ಒಂಬತ್ತು ಹಾಕಿದ. ಬೇಸ್‌ಬಾಲ್ ಕ್ರಿಕೆಟ್ ಬಾಲಿಗಿಂತ ಹತ್ತು ಗ್ರಾಮಿನಷ್ಟು ಹಗುರ, ಎಲ್ಲ ಮೇಲೆ ಮೇಲೆ ಹಾರುತ್ತಿತ್ತು. ಕ್ರಿಸ್‌ಮಸ್ ಹೊತ್ತಿಗೆ ಹದಿನಾಲ್ಕು, ಫೆಬ್ರವರಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಅವನ ಸಿಂಕರ್‌ಗೆ (ಕೊನೆಗೆ ಕೆಳಗಿಳಿಯುವ ಎಸೆತ) ಹೆಬ್ಬೆರಳು ಎಲ್ಲಿ ಇಡಿಸಿದೆ ಅಂತ ಮಾತ್ರ ಕೇಳಬೇಡಿ. ಇದನ್ನು ಓದುವವರಲ್ಲಿ ಇಬ್ಬರ ಜೊತೆ ಮುಂದಿನ ತಿಂಗಳು ಮ್ಯಾಚ್ ಇದೆ.

ದುಡ್ಡು ನಿಜಕ್ಕೂ ಕೆಲಸಕ್ಕೆ ಬಂದದ್ದು ಕ್ಯಾಚರ್ ಮೇಲೆ, ಅಂದರೆ ವಿಕೆಟ್ ಕೀಪರ್ ಥರ ಬ್ಯಾಟರ್ ಹಿಂದೆ ಕೂತು ಬಾಲ್ ಹಿಡಿಯುವವನ ಮೇಲೆ. ನಮ್ಮ ಕ್ಯಾಚರ್‌ಗೆ ನಲವತ್ತೊಂದು ವರ್ಷ, ವಾರಕ್ಕೆ ಎರಡು ದಿನ ಕುಕ್ಕರಗಾಲಲ್ಲಿ ಕೂರು ಅಂದರೆ ಮಂಡಿ ಬಿದ್ದು ಹೋಗುತ್ತದೆ. ಒಬ್ಬ ಕಾಲೇಜು ಹುಡುಗನಿಗೆ ಸಂಜೆಗೆ 25 ಡಾಲರ್ ಕೊಟ್ಟೆ. ಕೆಳಗೆ ಬಿದ್ದ ಬಾಲನ್ನೂ ಅವನು ಸುಮ್ನೆ ಬಾಚಿಕೊಳ್ಳುತ್ತಿದ್ದ. ಬಾಲ್ ತಪ್ಪಿಹೋಗುವ ಭಯ ಹೋದ ಮೇಲೆ ಎಸೆಯುವವನು ಧೈರ್ಯವಾಗಿ ಕೆಳಗೆ ಎಸೆಯುತ್ತಾನೆ. ಇದು ಯಾವ ರೇಡಾರ್‌ನಲ್ಲೂ ಕಾಣಲ್ಲ.

ಮಧ್ಯೆ ನನಗೆ ನಕಲ್‌ಬಾಲ್ (ಉಗುರು ಊರಿ, ಬಾಲ್ ತಿರುಗದ ಹಾಗೆ ಎಸೆಯೋದು) ಹುಚ್ಚು ಹಿಡಿದಿತ್ತು. ಉಗುರು ಮುರಿಯಬಾರದು ಅಂತ ಮಗಳ ನೇಲ್ ಪಾಲಿಶ್ ಬಳಿದುಕೊಂಡು ಒಂದು ತಿಂಗಳು ಎಸೆದೆ. ತಿರುಗದೆ ಹೋದದ್ದು ಹತ್ತಕ್ಕೆ ಎರಡು, ಬಾಕಿ ಎಂಟು ಹೊಡೆಸಿಕೊಳ್ಳೋಕೆ ಹೇಳಿ ಮಾಡಿಸಿದ್ದು. ಬಿಟ್ಟೆ. ಟ್ಯಾಂಪಾ ಬೇ ತಂಡದವರು 2018ರಲ್ಲಿ ಬುಲ್‌ಪೆನ್‌ನ ಸರ್ಜಿಯೋ ರೋಮೋನನ್ನು ಓಪನರ್ (ಸ್ಟಾರ್ಟರ್‌ಗಿಂತ ಮೊದಲು ಒಂದೆರಡು ಇನ್ನಿಂಗ್ಸ್ ಎಸೆಯುವವನು) ಮಾಡಿದ್ದರಲ್ಲ, ಅದನ್ನೂ ಒಂದು ಪ್ರಾಕ್ಟೀಸ್ ಮ್ಯಾಚ್‌ನಲ್ಲಿ ಮಾಡಿ ನೋಡಿದೆ. ನಮ್ಮ ಸ್ಟಾರ್ಟರ್ ಹಾಸನದವನು. "ನಾನೇನು ಎರಡನೇ ಪಂಕ್ತಿಗೆ ಕೂರೋನಾ ಸಾರ್?" ಅಂತ ಎರಡು ವಾರ ಮಾತು ಬಿಟ್ಟ. ಅದನ್ನೂ ಬಿಟ್ಟೆ.

ಈ ಸೀಸನ್‌ನಲ್ಲಿ ಇಲ್ಲಿಯವರೆಗೆ ಒಂಬತ್ತು ಮ್ಯಾಚ್. ಆರನೇ ಇನ್ನಿಂಗ್ಸ್ ನಂತರ ಮುಂದಿದ್ದದ್ದು ಆರು, ಕೈಬಿಟ್ಟದ್ದು ಒಂದೇ, ಅದೂ ಶಾರ್ಟ್‌ಸ್ಟಾಪ್ ಫೀಲ್ಡರ್ ಮಾಡಿದ ಎಡವಟ್ಟಿಗೆ. ಪಾಯಿಂಟ್ ಹುಡುಗನಿಗೆ ಎಂಟನೆಯದು, ಡೀಪ್ ಮಿಡ್‌ವಿಕೆಟ್‌ನಿಂದ ಎತ್ತಿಕೊಂಡು ಬಂದ ಇನ್ನೊಬ್ಬನಿಗೆ ಒಂಬತ್ತನೆಯದು. ನಕ್ಕವರೇ ಈಗ ಏಳನೇ ಇನ್ನಿಂಗ್ಸ್‌ನಿಂದ "ಅವನನ್ನ ಎಬ್ಬಿಸು, ಎಬ್ಬಿಸು" ಅಂತ ನನ್ನ ತಲೆ ತಿನ್ನುತ್ತಾರೆ.

ಎಡಗೈಯವನು ಮಾತ್ರ ಇನ್ನೂ ಸಿಕ್ಕಿಲ್ಲ. ಶನಿವಾರ ಶನಿವಾರ ಕ್ರಿಕೆಟ್ ಗ್ರೌಂಡ್‌ಗೆ ಹೋಗಿ ಬೌಂಡರಿ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಸ್ಕೋರ್ ಎಷ್ಟು ಅಂತ ಯಾರಾದರೂ ಕೇಳಿದರೆ ನನಗೆ ಗೊತ್ತಿರಲ್ಲ.