ಡೌರೊ ನದಿಯಲ್ಲಿ ಕ್ರೂಸ್: ನಾವು ಯೋಜನೆ ಹಾಕಿಕೊಂಡ ಬಗೆ

ಪೋರ್ಚುಗಲ್‌ನ ಡೌರೊ ಕಣಿವೆಗೆ ಟಿಕೆಟ್ ತೆಗೆಯುವ ಮುಂಚೆ ನಕ್ಷೆ ನೋಡಿ. ಪೋರ್ಟ್ ಎಂಬ ಸಿಹಿ ವೈನಿನ ದ್ರಾಕ್ಷಿ ಬೆಳೆಯುವುದು ಕ್ರೂಸ್ ಹೊರಡುವ ಪೋರ್ಟೊ ಊರಿನಲ್ಲಲ್ಲ. 1756ರಲ್ಲೇ ಗಡಿ ಗುರುತಿಸಿದ ಆ ಸೀಮೆ ರೇಗ್ವಾ ಪಟ್ಟಣದ ಆಸುಪಾಸಿನಲ್ಲಿ ಶುರುವಾಗುತ್ತದೆ. ಪೋರ್ಟೊದಿಂದ ಅಲ್ಲಿಗೆ ಸುಮಾರು ನೂರು ಕಿ.ಮೀ. ಒಂದು ದಿನದ ಹೆಚ್ಚಿನ ದೋಣಿಗಳು ರೇಗ್ವಾದಲ್ಲೇ ಇಳಿಸಿಬಿಡುತ್ತವೆ, ಅಂದರೆ ನೋಡಬೇಕಾದ ಜಾಗ ಶುರುವಾಗುವಲ್ಲಿಗೆ ಪ್ರಯಾಣ ಮುಗಿದಿರುತ್ತದೆ. ಹಾಗಾಗಿ ನಾವು ಸ್ಪೇನ್ ಗಡಿಯ ಬಾರ್ಕಾ ದಾಲ್ವಾವರೆಗೆ ಹೋಗಿಬರುವ ವಾರದ ಕ್ರೂಸನ್ನೇ ಆರಿಸಿಕೊಂಡೆವು. ಒಂದೇ ದಿನವಿದ್ದರೆ ಬೆಳಗಿನ ರೈಲಿನಲ್ಲಿ ಬಲಗಡೆ ಕಿಟಕಿ ಹಿಡಿದು ರೇಗ್ವಾದಾಚೆಯ ಪಿನ್ಯಾವ್ ಊರಿಗೆ ಹೋಗಿ, ಅಲ್ಲಿಂದ ತುವಾ ಕಡೆಗೆ ಹೋಗಿಬರುವ ಎರಡು ಗಂಟೆಯ ದೋಣಿ ಹತ್ತುವುದೇ ಲೇಸು.

ಜುಲೈ, ಆಗಸ್ಟ್ ಬೇಡ. ಶಿಸ್ಟ್ ಎಂಬ ಪದರಗಲ್ಲಿನ ಕಣಿವೆ ಕಾದು 40 ಡಿಗ್ರಿ ಮುಟ್ಟುವುದುಂಟು. ಕೊಯ್ಲು ನೋಡಬೇಕಾದರೆ ಸೆಪ್ಟೆಂಬರ್, ಹಸಿರು ಸಾಕೆಂದರೆ ಮೇ. ಚಳಿಗಾಲದಲ್ಲಿ ನೆರೆ ಬಂದರೆ ಸಂಚಾರವೇ ನಿಲ್ಲುತ್ತದೆ.

ಕ್ಯಾಬಿನ್ ಎಡಕ್ಕೋ ಬಲಕ್ಕೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ಬಂದ ದಾರಿಯಲ್ಲೇ ಹಡಗು ಮರಳುತ್ತದೆ. ಬಾಲ್ಕನಿಗೆ ಹೆಚ್ಚು ಹಣ ಕೊಡುವುದೂ ನನಗೆ ಒಪ್ಪಿಗೆಯಿಲ್ಲ: ದಡದ ಕಟ್ಟೆಯಲ್ಲಿ ಹಡಗುಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಿದರೆ ಕಾಣುವುದು ಪಕ್ಕದ ಹಡಗಿನ ಕಿಟಕಿ. ಹಗಲಿಡೀ ಮೇಲಿನ ಡೆಕ್‌ನಲ್ಲಿರಿ. ಪ್ರಯಾಣಿಕರ ಹಡಗು ಇಲ್ಲಿ ರಾತ್ರಿ ಚಲಿಸುವುದಿಲ್ಲ.

ಪೋರ್ಚುಗಲ್ ಭಾಗದ ಐದು ಅಣೆಕಟ್ಟುಗಳನ್ನೂ ಲಾಕ್ ಮೂಲಕ, ಅಂದರೆ ನೀರು ತುಂಬಿಸಿ ಇಳಿಸಿ ಹಡಗನ್ನು ಏರಿಸಿ ಇಳಿಸುವ ಗೇಟಿನ ತೊಟ್ಟಿಯ ಮೂಲಕ ದಾಟಬೇಕು. ಕರಪತೇಲೊ ಲಾಕ್‌ನಲ್ಲಿ ಹಡಗು 35 ಮೀಟರ್ ಏರುತ್ತದೆ. ತೊಟ್ಟಿಯ ಅಗಲ ಸುಮಾರು 12 ಮೀಟರ್, ಹಡಗಿನದು 11ಕ್ಕಿಂತ ತುಸು ಹೆಚ್ಚು, ಎರಡೂ ಬದಿ ಉಳಿಯುವುದು ಒಂದು ಅಡಿಯಷ್ಟೇ. ಪಾಚಿ ಹಿಡಿದ ಒದ್ದೆ ಗೋಡೆ ಮುಖದ ಪಕ್ಕದಲ್ಲೇ ಜಾರಿ ಇಳಿಯುತ್ತದೆ. ಕೈ ಹೊರಗೆ ಚಾಚಬೇಡಿ. ತಗ್ಗು ಸೇತುವೆ ಬಂದಾಗ ನೆರಳಿನ ಚಪ್ಪರ, ಕಂಬಿಗಳನ್ನು ಮಡಚಿ ಡೆಕ್ ಖಾಲಿ ಮಾಡಿಸುತ್ತಾರೆ. ಸಿಬ್ಬಂದಿ ಹೇಳಿದ ಕೂಡಲೇ ಇಳಿಯಿರಿ.

ದ್ರಾಕ್ಷಿ ತೋಟಗಳ ಮೆಟ್ಟಿಲು ಗದ್ದೆಗಳಲ್ಲಿ ಸಡಿಲ ಶಿಸ್ಟ್ ಚೂರುಗಳಿರುತ್ತವೆ, ಹಿಡಿತವಿರುವ ಬೂಟು ಬೇಕು. ರುಚಿ ನೋಡುವಾಗ ಬಿಳಿ ಪೋರ್ಟ್‌ನಿಂದ ಶುರು ಮಾಡಿ, ಕೆಂಪು ಬಣ್ಣದ ರೂಬಿ ದಾಟಿ, ಪೀಪಾಯಿಯಲ್ಲಿ ಮಾಗಿ ಕಂದಿದ ಹಳೆಯ ಟಾನಿಯನ್ನು ಕೊನೆಗಿಡಿ. ಸಿಹಿ ಇನ್ನೂ ಉಳಿದಿರುವಾಗಲೇ 77 ಶೇಕಡಾ ಆಲ್ಕೋಹಾಲಿನ ದ್ರಾಕ್ಷಿ ಸ್ಪಿರಿಟ್ ಸುರಿದು ಹುದುಗುವುದನ್ನು ನಿಲ್ಲಿಸುವುದರಿಂದ ಪೋರ್ಟ್ ಸುಮಾರು 20 ಶೇಕಡಾದ ಪಾನೀಯ. ಸಿಹಿಗೆ ಮರುಳಾಗಿ ಪೂರ್ತಿ ಕುಡಿದರೆ ಮೂರನೆಯ ಲೋಟಕ್ಕೆ ನಾಲಗೆ ಮಂದವಾಗುತ್ತದೆ. ಉಗುಳುವ ಪಾತ್ರೆ ಬಳಸಲು ಸಂಕೋಚ ಬೇಡ.

ಸಸ್ಯಾಹಾರಿಗಳು ಬುಕಿಂಗ್ ಮಾಡುವಾಗಲೇ ಬರೆದು ತಿಳಿಸಿ. ಕಾಲ್ದೊ ವೆರ್ದೆ ನೋಡಲು ಸೊಪ್ಪು, ಆಲೂಗಡ್ಡೆಯ ಸೂಪು, ಆದರೆ ಹಂದಿಮಾಂಸದ ಸಾಸೇಜಿನ ಬಿಲ್ಲೆ ಹಾಕಿರುತ್ತಾರೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ 30,000 ಯೂರೊ ವಿಮೆ ಕಡ್ಡಾಯ. ಸ್ಪೇನ್‌ನಲ್ಲಿ ಇಳಿದರೂ ಬೇರೆ ವೀಸಾ ಬೇಡ. ಬಾಟಲಿಗಳನ್ನು ಚೆಕ್‌ಇನ್ ಸೂಟ್‌ಕೇಸಿನ ಬಟ್ಟೆಗಳ ನಡುವೆ ಇಡಿ. ಬೆಂಗಳೂರಿನಲ್ಲಿ ಇಳಿದಾಗ ಸುಂಕವಿಲ್ಲದೆ ಬಿಡುವುದು ಒಬ್ಬರಿಗೆ ಎರಡು ಲೀಟರ್ ಮಾತ್ರ.