ಕಡಲಾಮೆಯ ಬೆನ್ನಿಗೆ ಸ್ಯಾಟಲೈಟ್ ಟ್ಯಾಗ್ ಅಂಟಿಸುವುದು ಹೇಗೆ?

ಕಡಲಾಮೆಗೆ ಸ್ಯಾಟಲೈಟ್ ಟ್ಯಾಗ್, ಅಂದರೆ ಆಮೆ ಎಲ್ಲಿದೆ ಎಂದು ಉಪಗ್ರಹದ ಮೂಲಕ ತಿಳಿಸುವ ಪುಟ್ಟ ಯಂತ್ರ, ಹಾಕಿದರಂತೆ ಎಂದರೆ ಎಲ್ಲರೂ ಕೇಳುವುದು ಉಪಗ್ರಹದ ಬಗ್ಗೆ. ಅಂಟಿನ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ನೋಡಿದ ಮಟ್ಟಿಗೆ ಕೆಲಸ ಕೆಡುವುದು ಅಂಟಿನಲ್ಲೇ. ತಿಂಗಳುಗಟ್ಟಲೆ ಓಡಾಡಿ ಅನುಮತಿ ತಂದಿರುತ್ತಾರೆ. ರಾತ್ರಿಯಿಡೀ ಮರಳಲ್ಲಿ ನಡೆದು ಆಮೆ ಹುಡುಕಿರುತ್ತಾರೆ. ಕೊನೆಯ ಅರ್ಧ ಗಂಟೆಯಲ್ಲಿ ಮಾತ್ರ ಅವಸರ. ಚಿಪ್ಪು ಒಣಗುವ ಮೊದಲೇ ಅಂಟು ಹಚ್ಚಿಬಿಡುತ್ತಾರೆ. ಕೆಲವೇ ದಿನಗಳಲ್ಲಿ ನಕ್ಷೆ ಖಾಲಿಯಾಗುತ್ತದೆ. ಆಮೆ ಸತ್ತಿತೋ ಟ್ಯಾಗ್ ಬಿತ್ತೋ ಯಾರಿಗೂ ಗೊತ್ತಾಗುವುದಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಂಥ ತಂಡದ ಜೊತೆ ಕೈಜೋಡಿಸುವ ವಿದ್ಯಾರ್ಥಿಗಳು, ಅರಣ್ಯ ಸಿಬ್ಬಂದಿ, ಊರಿನ ಸ್ವಯಂಸೇವಕರು ಓದಲಿ. ನಾನು ಹೇಳುತ್ತಿರುವುದು ನಮ್ಮ ಪಶ್ಚಿಮ ಕರಾವಳಿಯಲ್ಲಿ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲಿ ಆಮೆಯ ಬಗ್ಗೆ.

ಮೊದಲು ಅನುಮತಿ

ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿವೆ. ಲಿಖಿತ ಅನುಮತಿ ಇಲ್ಲದೆ ಹಿಡಿಯುವಂತಿಲ್ಲ. ಒಳ್ಳೆಯ ಉದ್ದೇಶ ಇತ್ತು ಅನ್ನುವುದು ನೆಪವಾಗುವುದಿಲ್ಲ.

ಮನೆಯಲ್ಲೇ ಟ್ಯಾಗ್ ಪರೀಕ್ಷೆ

ಹೆಚ್ಚಿನ ಟ್ಯಾಗ್‌ಗಳು ಅಯಸ್ಕಾಂತದಿಂದ ಆನ್, ಆಫ್ ಆಗುತ್ತವೆ. ದಡಕ್ಕೆ ಹೋಗುವ ಮೊದಲು ಒಂದೆರಡು ದಿನ ತಾರಸಿಯ ಮೇಲೆ ಆನ್ ಮಾಡಿಟ್ಟು, ಸಂದೇಶ ಬರುತ್ತಿದೆಯೇ ನೋಡಿ. ಆಮೇಲೆ ಒಂದು ಬಕೆಟ್ ಸಮುದ್ರದ ನೀರಿನಲ್ಲಿ ಮುಳುಗಿಸಿ. ಆಗ ಟ್ಯಾಗ್ ಸುಮ್ಮನಾಗಬೇಕು.

ಯಾಕೆ ಅಂದರೆ, ರೇಡಿಯೋ ಅಲೆ ಉಪ್ಪುನೀರಿನೊಳಗೆ ಹಾಯುವುದಿಲ್ಲ. ನೀರಿನಡಿ ಕೂಗಿದರೆ ಬ್ಯಾಟರಿ ವ್ಯರ್ಥ. ಅದಕ್ಕೆ ಟ್ಯಾಗ್‌ನಲ್ಲಿ ಉಪ್ಪುನೀರು ಗುರುತಿಸುವ ಪುಟ್ಟ ಲೋಹದ ಬಿಂದುಗಳಿರುತ್ತವೆ. ಆಮೆ ಉಸಿರಾಡಲು ಮೇಲೆ ಬಂದಾಗ ಮಾತ್ರ ಸಂದೇಶ ಹೋಗುತ್ತದೆ. ಈ ಬಿಂದುಗಳನ್ನು ನೆನಪಿಟ್ಟುಕೊಳ್ಳಿ, ಇವು ಮತ್ತೆ ಬರುತ್ತವೆ.

ಮೇಲಕ್ಕೇ ಬರದ ಮೀನುಗಳಿಗೆ ಈ ಉಪಾಯ ನಡೆಯುವುದಿಲ್ಲ. ಅವುಗಳಿಗೆ ಶಬ್ದದ ಟ್ಯಾಗ್ ಬೇಕು. ನಮ್ಮ ಕಿವಿಗೆ ಕೇಳದ ಸ್ವರದಲ್ಲಿ, ಹೆಚ್ಚಾಗಿ 69 ಕಿಲೋಹರ್ಟ್ಸ್‌ನಲ್ಲಿ, ಅದು ತನ್ನ ಸಂಖ್ಯೆಯನ್ನು ಕೂಗುತ್ತಿರುತ್ತದೆ. ಕಡಲ ತಳದಲ್ಲಿ ಕಟ್ಟಿಟ್ಟ ರಿಸೀವರ್ ಹತ್ತಿರ ಮೀನು ಹಾದರೆ ದಾಖಲಾಗುತ್ತದೆ. ಕೇಳಿಸುವ ದೂರ ಸಾಮಾನ್ಯವಾಗಿ ಕೆಲವು ನೂರು ಮೀಟರ್ ಅಷ್ಟೇ. ಅಳಿವೆ, ಹವಳದ ದಿಬ್ಬದಂಥ ಜಾಗಕ್ಕೆ ಅದು ಚೆನ್ನ. ಸಾವಿರಾರು ಕಿಲೋಮೀಟರ್ ಹೋಗುವ ಆಮೆಗೆ ನನ್ನ ಆಯ್ಕೆ ಉಪಗ್ರಹವೇ.

ಆಮೆಗಾಗಿ ಕಾಯುವುದು

ಕಡಲಿನಿಂದ ಹತ್ತಿ ಬರುತ್ತಿರುವ ಆಮೆಯನ್ನು ಮುಟ್ಟಬೇಡಿ. ಅದು ಗುಂಡಿ ತೋಡಲಿ, ಮೊಟ್ಟೆ ಇಡಲಿ, ಮರಳು ಮುಚ್ಚಲಿ. ವಾಪಸ್ ಹೊರಟಾಗ ತಡೆಯಿರಿ. ಬಿಳಿ ಟಾರ್ಚ್, ಮೊಬೈಲ್ ಫ್ಲ್ಯಾಶ್ ಬೇಡವೇ ಬೇಡ, ಮಂದ ಕೆಂಪು ಬೆಳಕು ಸಾಕು. ಗಾಯವಾದ, ಸೊರಗಿದ ಆಮೆ ಕಂಡರೆ ಬಿಟ್ಟುಬಿಡಿ. ಇನ್ನೊಂದು ರಾತ್ರಿ ಕಾಯೋಣ, ಏನೂ ಮುಳುಗಿ ಹೋಗುವುದಿಲ್ಲ.

ತಳವಿಲ್ಲದ ಮರದ ಚೌಕಟ್ಟನ್ನು ಆಮೆಯ ಸುತ್ತ ಇಡಿ. ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿ, ಮೂಗು ಮುಚ್ಚದಂತೆ. ಕಣ್ಣು ಮರೆಯಾದರೆ ಅದು ಬೇಗ ಶಾಂತವಾಗುತ್ತದೆ. ಚೌಕಟ್ಟು ಕಿರಿದಾಗಿದ್ದಷ್ಟೂ ಒಳ್ಳೆಯದು. ದೋಣಿಯ ಹುಟ್ಟಿನಂಥ ಆ ಮುಂಗಾಲು ಬೀಸಿದರೆ ಒಂದು ಬೊಗಸೆ ಮರಳು ನೇರ ಹಸಿ ಅಂಟಿನ ಮೇಲೆ ಬೀಳುತ್ತದೆ.

ಚಿಪ್ಪು ಸಿದ್ಧಮಾಡುವುದು

ಇಲ್ಲಿ ನಿಧಾನ ಮಾಡಿ. ಇಡೀ ಕೆಲಸದ ಅರ್ಧ ಹೊತ್ತು ಇದಕ್ಕೇ ಹೋದರೂ ಪರವಾಗಿಲ್ಲ.

ಟ್ಯಾಗ್ ಕೂರುವ ಜಾಗ ಬೆನ್ನಿನ ನಡುಸಾಲಿನ ಮೊದಲ ಒಂದೆರಡು ಫಲಕಗಳು, ಅಂದರೆ ಕುತ್ತಿಗೆಯ ಹಿಂದೆಯೇ. ಆಮೆ ಉಸಿರಿಗೆ ತಲೆ ಎತ್ತಿದಾಗ ಮೊದಲು ನೀರಿನಿಂದ ಹೊರಬರುವುದು ಆ ಭಾಗ. ನೋಡಲು ಚೆಂದ ಎಂದು ಬೆನ್ನಿನ ನಡುಮಧ್ಯೆ ಅಂಟಿಸಿದವರನ್ನು ಕಂಡಿದ್ದೇನೆ. ಅಲ್ಲಿ ಆಂಟೆನಾ ನೀರಿನಡಿಯಲ್ಲೇ ಉಳಿಯುವುದು ಜಾಸ್ತಿ.

ಮೊದಲು ಪಾಚಿ, ದೋಣಿಯ ಅಡಿಗೆ ಕಚ್ಚುವಂಥ ಬಾರ್ನಕಲ್ ಎಲ್ಲವನ್ನೂ ಅಗಲ ಬ್ಲೇಡಿನಿಂದ ಕೆರೆದು ತೆಗೆಯಿರಿ. ಟ್ಯಾಗ್‌ನ ಅಳತೆಗಿಂತ ಸುತ್ತಲೂ ನಾಲ್ಕು ಬೆರಳು ಜಾಸ್ತಿ ಜಾಗ ಸ್ವಚ್ಛವಾಗಬೇಕು. ಆಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ಸಮುದ್ರ ಪಕ್ಕದಲ್ಲೇ ಇದೆ ಎಂದು ಅದೇ ನೀರು ಸುರಿಯುತ್ತಾರೆ. ಹಾಗೆ ಮಾಡಬೇಡಿ. ಒಣಗಿದ ಮೇಲೂ ಉಪ್ಪು ಉಳಿಯುತ್ತದೆ, ಅದು ರಾತ್ರಿಯ ತೇವವನ್ನು ಎಳೆಯುತ್ತದೆ. ಅಂಟು ಹಿಡಿಯುವುದು ಆ ಉಪ್ಪಿನ ಪದರಕ್ಕೆ, ಚಿಪ್ಪಿಗಲ್ಲ.

ಆಮೇಲೆ ಸ್ಯಾಂಡ್ ಪೇಪರ್. ಹೊಳಪು ಹೋಗಿ ಮಂಕಾಗುವಷ್ಟು ಉಜ್ಜಿದರೆ ಸಾಕು. ಚಿಪ್ಪಿನ ಮೇಲ್ಪದರ ನಮ್ಮ ಉಗುರಿನಂಥದು, ಅದರಡಿಯಲ್ಲಿ ಜೀವಂತ ಮೂಳೆ ಇದೆ. ಫಲಕಗಳು ಕೂಡುವ ಗೆರೆಗಳ ಮೇಲೆ ಕೈ ಹಗುರ ಇರಲಿ. ಪುಡಿಯನ್ನು ಬಟ್ಟೆಯಿಂದ ಒರೆಸಿ, ಸ್ಪಿರಿಟ್‌ನಲ್ಲಿ ನೆನೆಸಿ ಹಿಂಡಿದ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಸುರಿಯಬಾರದು, ಕುತ್ತಿಗೆಗೆ ಇಳಿಯುತ್ತದೆ. ಪೆಟ್ರೋಲ್, ಸೀಮೆಎಣ್ಣೆ ಎಂದೂ ಬೇಡ, ಜಿಡ್ಡು ಬಿಡುತ್ತವೆ.

ಈಗ ಒಣಗಲು ಬಿಡಿ. ಕರಾವಳಿಯ ರಾತ್ರಿಯಲ್ಲಿ ಇದೇ ಕಷ್ಟ. ಒರೆಸಿ ಐದು ನಿಮಿಷಕ್ಕೆ ಮತ್ತೆ ಪಸೆ ಕೂರುತ್ತದೆ. ನಾನು ಟಿಶ್ಯೂ ಕಾಗದ ಒತ್ತಿ ನೋಡುತ್ತೇನೆ. ಸ್ವಲ್ಪ ಕಪ್ಪಾದರೂ ಇನ್ನೊಮ್ಮೆ ಒರೆಸು, ಇನ್ನೊಮ್ಮೆ ಕಾಯಿ. ಬೆರಳಿಂದ ಮುಟ್ಟಿ ಪರೀಕ್ಷಿಸಬೇಡಿ, ನಿಮ್ಮ ಬೆವರೂ ನೀರೇ ಅಲ್ವಾ? ಬಗ್ಗಿ ಕೆಲಸ ಮಾಡುವವರು ಹಣೆಗೆ ಒಂದು ಟವೆಲ್ ಕಟ್ಟಿಕೊಳ್ಳಲಿ.

ಅಂಟು

ಎಪಾಕ್ಸಿ, ಅಂದರೆ ಎರಡು ಭಾಗ ಕಲಸಿದಾಗ ಗಟ್ಟಿಯಾಗುವ ಅಂಟು ಬೇಕು, ಉಪ್ಪುನೀರಿಗೆ ತಡೆಯುವಂಥದು. ಐದೇ ನಿಮಿಷದಲ್ಲಿ ಗಟ್ಟಿಯಾಗುವ ಅಗ್ಗದ ಅಂಟು ತರಬೇಡಿ. ಬೇಗ ಗಟ್ಟಿಯಾಗುವುದು ಜಾಸ್ತಿ ಬಿಸಿಯೂ ಆಗುತ್ತದೆ. ಎಪಾಕ್ಸಿ ಗಟ್ಟಿಯಾಗುವಾಗ ಶಾಖ ಬಿಡುತ್ತದೆ, ಮುದ್ದೆ ದಪ್ಪವಾದಷ್ಟೂ ಶಾಖ ಹೆಚ್ಚು. ಆ ಶಾಖ ಇಳಿಯುವುದು ಆಮೆಯ ಬೆನ್ನಿಗೆ. ಹಾಗಾಗಿ ತೆಳುಪದರ, ಕಾಯುವುದು, ಮತ್ತೆ ತೆಳುಪದರ. ಪಕ್ಕದಲ್ಲಿ ಕೈಯಿಟ್ಟು ನೋಡುತ್ತಿರಿ.

ಎರಡೂ ಭಾಗ ಒಂದೇ ಬಣ್ಣಕ್ಕೆ ಬರುವವರೆಗೆ ಕಲಸಿ. ಕಲಸಿದ್ದರಲ್ಲಿ ಒಂದು ಚೂರನ್ನು ಹಲಗೆಯ ಮೇಲೆ ಇಡಿ. ಆಮೆಯ ಬೆನ್ನನ್ನು ಪದೇಪದೇ ಕೆದಕುವ ಬದಲು ಆ ಚೂರಿಗೆ ಉಗುರು ಒತ್ತಿ ನೋಡಿ. ಉಗುರು ಇಳಿಯದಿದ್ದರೆ ಆಯಿತು. ತಂಪು ರಾತ್ರಿಯಲ್ಲಿ ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಜಾಸ್ತಿ ಹೊತ್ತು ಬೇಕಾಗುತ್ತದೆ.

ಟ್ಯಾಗ್ ಒತ್ತಿ ಕೂರಿಸಿ. ಮುಂಭಾಗದಲ್ಲಿ ಅಂಟನ್ನು ದೋಣಿಯ ಮೂತಿಯಂತೆ ಇಳಿಜಾರಾಗಿ ಸವರಿ. ನೀರು ನುಣುಪಾಗಿ ಹರಿಯಲಿ, ಬಲೆಯ ನೂಲು ಸಿಕ್ಕಿಕೊಳ್ಳುವ ಸಂದು ಉಳಿಯದಿರಲಿ. ಆ ಲೋಹದ ಬಿಂದುಗಳ ಮೇಲೆ ಅಂಟು ಹತ್ತಬಾರದು. ಕೊನೆಗೆ ದೋಣಿಗೆ ಹಚ್ಚುವಂಥ, ಪಾಚಿ ತಡೆಯುವ ಬಣ್ಣ ಬಳಿಯುವಾಗಲೂ ಅಷ್ಟೇ. ತಾಮ್ರ ಬೆರೆತ ಬಣ್ಣ ಬಿಂದುಗಳನ್ನು ಬೆಸೆದರೆ, ತಾನು ಸದಾ ನೀರಿನಲ್ಲೇ ಇದ್ದೇನೆ ಎಂದು ಟ್ಯಾಗ್ ತಿಳಿಯುತ್ತದೆ. ಮತ್ತೆ ಒಂದು ಸಂದೇಶವನ್ನೂ ಕಳಿಸುವುದಿಲ್ಲ. ಬಳಿಯುವ ಮೊದಲು ಟೇಪ್ ಅಂಟಿಸಿ, ಬಿಡುವ ಮೊದಲು ಕಿತ್ತುಹಾಕಿ. ಟೇಪ್ ತೆಗೆಯುವುದನ್ನು ಒಬ್ಬರ ಹೆಸರಿಗೆ ಹಚ್ಚಿ, ಇಲ್ಲವಾದರೆ ಅದು ಆಮೆಯ ಜೊತೆ ಕಡಲಿಗೆ ಹೋಗುತ್ತದೆ.

ಈ ವಿಧಾನ ಗಟ್ಟಿ ಚಿಪ್ಪಿನ ಆಮೆಗಳಿಗೆ ಮಾತ್ರ. ಚರ್ಮದಂಥ ಬೆನ್ನಿನ ಲೆದರ್‌ಬ್ಯಾಕ್ ಆಮೆಗೆ ಅಂಟು ನಿಲ್ಲುವುದಿಲ್ಲ. ಲಿಟ್ಲ್ ಅಂಡಮಾನ್‌ನಲ್ಲಿ ಟ್ಯಾಗ್ ಹಾಕಿದ ಲೆದರ್‌ಬ್ಯಾಕ್‌ಗಳು ಕೆಲವು ಆಸ್ಟ್ರೇಲಿಯಾ ಕಡೆಗೆ, ಕೆಲವು ಆಫ್ರಿಕಾದ ಕಡೆಗೆ ಹೋದವು. ಅವುಗಳಿಗೆ ಬೇರೆಯೇ ಜೋಡಣೆ.

ಬಿಡುವ ಮೊದಲು ಮುಂಗಾಲಿಗೆ ನಂಬರ್ ಇರುವ ಲೋಹದ ಟ್ಯಾಗನ್ನೂ ಹಾಕಿ. ಇದನ್ನು ಹಾಕದವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. 2021ರಲ್ಲಿ ಒಡಿಶಾದಲ್ಲಿ ಇಂಥ ಟ್ಯಾಗ್ ಹಾಕಿದ ಆಮೆ 2025ರ ಜನವರಿಯಲ್ಲಿ ಮಹಾರಾಷ್ಟ್ರದ ಗುಹಾಗರ್‌ನಲ್ಲಿ ಮೊಟ್ಟೆ ಇಡುವಾಗ ಸಿಕ್ಕಿತು. ಒಂದು ತುಂಡು ಲೋಹ ಪೂರ್ವ ಕರಾವಳಿಯನ್ನೂ ಪಶ್ಚಿಮ ಕರಾವಳಿಯನ್ನೂ ಜೋಡಿಸಿಬಿಟ್ಟಿತು. ಅದಕ್ಕೆ ಬ್ಯಾಟರಿಯೂ ಬೇಡ.

ನಕ್ಷೆ ಓದುವುದು

ಸಂದೇಶ ಹಿಡಿಯುವುದು ಆರ್ಗೋಸ್ ವ್ಯವಸ್ಥೆಯ ಉಪಗ್ರಹಗಳು. 1978ರಿಂದ ಈ ವ್ಯವಸ್ಥೆ ಇದೆ. ಹತ್ತಿರ ಬರುವ ರೈಲಿನ ಶಿಳ್ಳೆ ಕೀರಲಾಗಿ, ದೂರ ಹೋದಾಗ ದಪ್ಪವಾಗಿ ಕೇಳುತ್ತದಲ್ಲ? ಅದೇ ಲೆಕ್ಕದಲ್ಲಿ ಟ್ಯಾಗ್‌ನ ಅಲೆ ಎಷ್ಟು ಬದಲಾಯಿತು ಎಂದು ನೋಡಿ ಜಾಗ ಲೆಕ್ಕ ಹಾಕುತ್ತಾರೆ.

ಹೀಗೆ ಲೆಕ್ಕ ಹಾಕಿದ ಪ್ರತಿ ಜಾಗ ನಕ್ಷೆಯಲ್ಲಿ ಒಂದು ಬಿಂದು, ಪ್ರತಿ ಬಿಂದುವಿಗೂ ಒಂದು ದರ್ಜೆ ಇರುತ್ತದೆ. 3 ಎಂದರೆ ತಪ್ಪು 250 ಮೀಟರ್‌ಗಿಂತ ಕಡಿಮೆ. 2, 1, 0 ಎಂದು ಇಳಿದಂತೆ ತಪ್ಪು ಹೆಚ್ಚುತ್ತದೆ. ಎ, ಬಿ ದರ್ಜೆಗೆ ತಪ್ಪು ಇಷ್ಟರೊಳಗೆ ಎಂಬ ಮಿತಿಯೇ ಇಲ್ಲ. ಆಮೆ ಮೇಲೆ ಇರುವುದು ಸ್ವಲ್ಪ ಹೊತ್ತು, ಹಾಗಾಗಿ ಎ, ಬಿ ಬಿಂದುಗಳೇ ಹೆಚ್ಚು ಸಿಗುತ್ತವೆ. ಒಂದು ಬಿಂದು ಘಟ್ಟದ ಕಾಡಿನಲ್ಲಿ ಕಂಡರೆ ಆಮೆಯನ್ನು ಯಾರೋ ಹೊತ್ತೊಯ್ದರು ಎಂದು ಸುದ್ದಿ ಹಬ್ಬಿಸಬೇಡಿ. ಹಿಂದಿನ ಬಿಂದುವಿನಿಂದ ಅಲ್ಲಿಗೆ ಹೋಗಲು ಎಷ್ಟು ವೇಗ ಬೇಕಿತ್ತು ಲೆಕ್ಕ ಹಾಕಿ. ಗಂಟೆಗೆ 5 ಕಿ.ಮೀ. ದಾಟಿದರೆ ನಾನು ಆ ಬಿಂದುವನ್ನು ತೆಗೆದುಬಿಡುತ್ತೇನೆ.

ಹೀಗೆ ಸೋಸಿದ ಮೇಲೆ ಉಳಿಯುವ ಗೆರೆ ನೋಡುವುದೇ ಒಂದು ಖುಷಿ. 2023ರ ಫೆಬ್ರವರಿಯಲ್ಲಿ ಗುಹಾಗರ್‌ನಲ್ಲಿ ಟ್ಯಾಗ್ ಹಾಕಿದ ಬಾಗೇಶ್ರೀ ಎಂಬ ಆಮೆ ನಮ್ಮ ಕರ್ನಾಟಕದ ಕಡಲನ್ನೂ ಕೇರಳವನ್ನೂ ದಾಟಿ ಶ್ರೀಲಂಕಾ ಬಳಸಿ ಬಂಗಾಳ ಕೊಲ್ಲಿಗೆ ಹೋಯಿತು.

ನಿಮ್ಮೂರಿನ ದಡದಲ್ಲೋ ಬಲೆಯಲ್ಲೋ ಟ್ಯಾಗ್ ಇರುವ ಆಮೆ ಸಿಕ್ಕರೆ ಟ್ಯಾಗ್ ಕೀಳಬೇಡಿ. ಫೋಟೋ ತೆಗೆದು, ಜಾಗ ಮತ್ತು ಹೊತ್ತು ಬರೆದು, ಅರಣ್ಯ ಇಲಾಖೆಗೆ ತಿಳಿಸಿ. ಮುಂಗಾಲಿನ ನಂಬರ್ ಓದುವಾಗ ಮರಳು ಒರೆಸಿ ಎರಡು ಸಲ ಓದಿ. ಸವೆದ ಲೋಹದಲ್ಲಿ 3 ಮತ್ತು 8 ಒಂದೇ ಥರ ಕಾಣುತ್ತವೆ.