ಸರೋವರದ ಹೂಳಿನಲ್ಲಿ ಹಳೆಯ ಕಾಡ್ಗಿಚ್ಚುಗಳನ್ನು ಗುರುತಿಸುವ ಕ್ರಮ

ಕಾಡು ಸುಟ್ಟಾಗ ಸರೋವರಕ್ಕೆ ಬಿದ್ದ ಇದ್ದಿಲಿನ ಚೂರುಗಳು ಹೂಳಿನ ಪದರಗಳಲ್ಲಿ ಉಳಿಯುತ್ತವೆ; ಅವನ್ನು ಪದರ ಪದರವಾಗಿ ಎಣಿಸುವುದೇ ಈ ಕ್ರಮ. ಈ ಕೆಲಸಕ್ಕೆ ಮೊದಲು ಬೇಕಾದದ್ದು ಯಾರೂ ಕದಡದ ಹೂಳು. ನಮ್ಮ ಊರ ಕೆರೆಗಳು ಇದಕ್ಕೆ ಅಷ್ಟಾಗಿ ಒದಗುವುದಿಲ್ಲ. ತಲೆಮಾರುಗಳಿಂದ ಹೂಳೆತ್ತಿ ಹೊಲಕ್ಕೆ ಹೊಡೆದಿರುವಲ್ಲಿ ಪದರಗಳ ಕ್ರಮವೇ ಉಳಿದಿರುವುದಿಲ್ಲ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಪುಟ್ಟ ಸಿಗ್ನೆಟ್ ಸರೋವರದಲ್ಲಾದರೋ 17,000 ವರ್ಷಗಳ ಹೂಳು ಸಾಲಾಗಿ ಸಿಕ್ಕಿದೆ.

ಸರೋವರದ ನಡುವೆ ತೆಪ್ಪ ನಿಲ್ಲಿಸಿ, ಕೊಳವೆಯನ್ನು ನೆಟ್ಟಗೆ ಇಳಿಸಿ ಹೂಳಿನ ಕಂಬವನ್ನು ಮೇಲೆತ್ತಬೇಕು. ಅದನ್ನು ಎಲ್ಲೂ ತೆರಪು ಬಿಡದೆ ಅರ್ಧ ಅಥವಾ ಒಂದು ಸೆಂಟಿಮೀಟರಿನ ಬಿಲ್ಲೆಗಳಾಗಿ ಕೊಯ್ದು, ಪ್ರತಿಯೊಂದರಿಂದಲೂ ಒಂದೇ ಅಳತೆಯ ಮಣ್ಣನ್ನು, ಅಂಟಿದ ಜೇಡಿಯನ್ನು ಬಿಡಿಸುವ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಎಂಬ ಲವಣದ ದ್ರಾವಣದಲ್ಲಿ ನೆನೆಹಾಕಿ, ಆಮೇಲೆ ತೆಳುವಾದ ಬ್ಲೀಚಿನಲ್ಲಿಟ್ಟು, 125 ಮೈಕ್ರಾನ್ (ಮಿಲಿಮೀಟರಿನ ಎಂಟನೆಯ ಒಂದು ಭಾಗ) ಕಣ್ಣಿನ ಜರಡಿಯ ಮೇಲೆ ನೀರು ಬಿಟ್ಟು ತೊಳೆಯಬೇಕು. ಬೆರಳಿನಿಂದ ಉಜ್ಜಲೇಬಾರದು: ಒಂದು ಚೂರು ಐದಾದರೆ ಎಣಿಕೆಯೂ ಐದಾಗುತ್ತದೆ. ಇದ್ದಿಲೋ ಅಲ್ಲವೋ ಎಂಬ ಅನುಮಾನ ಬಂದಾಗ ಸೂಕ್ಷ್ಮದರ್ಶಕದಡಿ ಸೂಜಿಯಿಂದ ಮೆಲ್ಲಗೆ ಒತ್ತಿ ನೋಡುವುದು ವಾಡಿಕೆ. ಇದ್ದಿಲು ಚೂಪಾದ ಸಿಬಿರುಗಳಾಗಿ ಪುಡಿಯಾಗುತ್ತದೆ, ಕೊಳೆತ ಎಲೆ ಬಾಗುತ್ತದೆ, ಕಪ್ಪು ಖನಿಜದ ಕಣ ಜಗ್ಗುವುದಿಲ್ಲ.

ಕಾಲನಿರ್ಣಯವಿಲ್ಲದ ಎಣಿಕೆಗೆ ಬೆಲೆಯಿಲ್ಲ. ಮೇಲಿನ ನೂರು, ನೂರೈವತ್ತು ವರ್ಷಗಳಿಗೆ ಸೀಸ-210, ಅದರ ಕೆಳಗೆ ಇಂಗಾಲ-14 ನೆರವಾಗುತ್ತವೆ; ಇವು ಗೊತ್ತಾದ ವೇಗದಲ್ಲಿ ಕ್ಷಯಿಸುವ ವಿಕಿರಣಶೀಲ ರೂಪಗಳು. ಇಂಗಾಲದ ಪರೀಕ್ಷೆಗೆ ಬರೀ ಕೆಸರನ್ನು ಕೊಡುವ ಬದಲು ದಡದಿಂದ ಬಿದ್ದ ಪೈನ್ ಮರದ ಸೂಜಿಯೆಲೆಯನ್ನೋ ಬೀಜವನ್ನೋ ಹುಡುಕಿ ಕೊಡುವುದು ಲೇಸು, ಏಕೆಂದರೆ ಸುಣ್ಣಕಲ್ಲಿನಿಂದ ನೀರಿಗೆ ಸೇರಿದ ಹಳೆಯ ಇಂಗಾಲವು ಕೆಸರಿನ ವಯಸ್ಸನ್ನು ಹೆಚ್ಚಿಸಿ ತೋರಿಸಬಹುದು. ವಯಸ್ಸು ತಿಳಿದ ಮೇಲೆ, ಒಂದು ಚದರ ಸೆಂಟಿಮೀಟರಿಗೆ ವರ್ಷಕ್ಕೆ ಎಷ್ಟು ಚೂರು ಬಿದ್ದಿತೆಂದು ಲೆಕ್ಕ ಹಾಕಿ, ಸದಾ ಬೀಳುತ್ತಿದ್ದ ಮಟ್ಟಕ್ಕಿಂತ ಥಟ್ಟನೆ ಮೇಲೆದ್ದ ಏರಿಕೆಗಳನ್ನು ಗುರುತಿಸಬೇಕು.

ಇಲ್ಲಿ ಅವಸರ ಸಲ್ಲದು. 1988ರಲ್ಲಿ ಯೆಲ್ಲೋಸ್ಟೋನಿನ ಮೂರನೆಯ ಒಂದಕ್ಕೂ ಹೆಚ್ಚು ಭಾಗಕ್ಕೆ ಬೆಂಕಿ ತಗಲಿದಾಗ, ಸುತ್ತಲಿನ ಕಾಡು ಸುಡದ ಸರೋವರಗಳಲ್ಲೂ ಇದ್ದಿಲು ಸಿಕ್ಕಿತು. ಮುಂದಿನ ಕೆಲವು ವರ್ಷವೂ ಅದು ಬಂದು ಸೇರುತ್ತಲೇ ಇತ್ತು. ಆದ್ದರಿಂದ ಒಂದು ಏರಿಕೆಯನ್ನು ಇಂಥದೇ ವರ್ಷದ ಒಂದೇ ಬೆಂಕಿ ಎಂದು ಬರೆದುಕೊಳ್ಳದೆ, ಬೆಂಕಿಯ ಒಂದು ಸರದಿ ಎಂದಷ್ಟೇ ಬರೆದುಕೊಳ್ಳುವುದು ಸರಿ.

ಹವಾಮಾನದ ಮಾತೆತ್ತಬೇಕಾದರೆ ಅದೇ ಹೂಳಿನ ಪರಾಗವನ್ನೂ ಎಣಿಸಬೇಕು; ಆಗ ಸುತ್ತ ಯಾವ ಮರಗಳಿದ್ದವೆಂದು ತಿಳಿಯುತ್ತದೆ. ಸಿಗ್ನೆಟ್ ಸುತ್ತಲಿನ ರಯೋಲೈಟ್ ಎಂಬ ಜ್ವಾಲಾಮುಖಿ ಶಿಲೆಯಿಂದಾದ ಸಾರವಿಲ್ಲದ ಮಣ್ಣಿನಲ್ಲಿ ಸುಮಾರು 11,000 ವರ್ಷಗಳಿಂದ ಲಾಡ್ಜ್‌ಪೋಲ್ ಪೈನ್ ಎಂಬ ಒಂದೇ ಜಾತಿಯ ಮರದ್ದೇ ಮೇಲುಗೈಯಾದ ಕಾಡು. ಆದರೂ ಆ ಅವಧಿಯ ಮೊದಲ ಭಾಗದಲ್ಲಿ ಸಾವಿರ ವರ್ಷಕ್ಕೆ ಹತ್ತಕ್ಕೂ ಹೆಚ್ಚು ಸಲ ಎದ್ದ ಬೆಂಕಿ, 7,000 ವರ್ಷಗಳ ಹಿಂದಿನಿಂದ ಇಳಿಯುತ್ತ ಬಂದು ಕಳೆದ 2,000 ವರ್ಷಗಳಲ್ಲಿ ಎರಡು ಮೂರಕ್ಕೆ ನಿಂತಿದೆ. ಮರ ಬದಲಾಗದೆ ಬೆಂಕಿ ಮಾತ್ರ ಬದಲಾದುದರಿಂದಲೇ, ಭೂಮಿಯ ಕಕ್ಷೆಯ ವ್ಯತ್ಯಾಸದಿಂದ ಅಂದು ಬೇಸಿಗೆಯ ಬಿಸಿಲು ಇಂದಿಗಿಂತ ಪ್ರಖರವಾಗಿದ್ದುದನ್ನು ಸಂಶೋಧಕರು ಕಾರಣವಾಗಿ ಮುಂದಿಡಲು ಸಾಧ್ಯವಾಯಿತು.